ಪಾರ್ಸೆಲ್ ಮೊಟ್ಟೆ ಮರಿಯಾಗದಿದ್ದರೆ: ದೋಷ ತಳಿಯದ್ದೋ, ದಾರಿಯದ್ದೋ, ಪೆಟ್ಟಿಗೆಯದ್ದೋ?

ಕಡಕ್‌ನಾಥ್, ಅಸೀಲ್‌ನಂಥ ಕೋಳಿ ತಳಿಯ ಕಾವು ಮೊಟ್ಟೆಗಳನ್ನು ಬಸ್ ಪಾರ್ಸೆಲ್‌ನಲ್ಲೋ ಕೊರಿಯರ್‌ನಲ್ಲೋ ತರಿಸಿಕೊಂಡವರು 21ನೇ ದಿನ ಎರಡೋ ಮೂರೋ ಮರಿ ಕಂಡಾಗ ಮೊದಲು ಬೈಯುವುದು ಮಾರಿದವರನ್ನು. ಮಾರಿದವರು ದೂರುವುದು ಕೊಂಡವರ ಇನ್‌ಕ್ಯುಬೇಟರನ್ನು, ಅಂದರೆ ಕಾವು ಕೊಡುವ ಪೆಟ್ಟಿಗೆಯನ್ನು. ಇಬ್ಬರೂ ಸೇರಿ ಬೈಯುವುದು ಬಸ್ಸಿನವರನ್ನು. ಉತ್ತರ ಇರುವುದು ಮರಿಯಾಗದೆ ಉಳಿದ ಮೊಟ್ಟೆಗಳ ಒಳಗೆ. ಅವನ್ನು ಅಷ್ಟರಲ್ಲಿ ತಿಪ್ಪೆಗೆ ಎಸೆದಾಗಿರುತ್ತದೆ.

ಆದ್ದರಿಂದ ಎರಡು ಕೆಲಸ ಕಡ್ಡಾಯ ಮಾಡಿಕೊಳ್ಳಿ. ಒಂದು, ಪಾರ್ಸೆಲ್ ಮೊಟ್ಟೆ ಇಡುವ ದಿನವೇ ನಿಮ್ಮ ಊರಲ್ಲಿ ಹುಂಜ ಇರುವ ಮನೆಯಿಂದ ಆರು ತಾಜಾ ನಾಟಿ ಮೊಟ್ಟೆ ತಂದು ಅದೇ ಟ್ರೇಯಲ್ಲಿ ಇಡಿ. ಆರರಲ್ಲಿ ಐದು ಮರಿಯಾಗಿ ಪಾರ್ಸೆಲ್ ಮೊಟ್ಟೆ ಮಾತ್ರ ಕೆಟ್ಟರೆ ನಿಮ್ಮ ಪೆಟ್ಟಿಗೆ ಸರಿಯಿದೆ. ಎರಡೂ ಕೆಟ್ಟರೆ ಬೇರೆಯವರನ್ನು ದೂರುವ ಮುಂಚೆ ಥರ್ಮಾಮೀಟರ್ ನೋಡಿ. ಎರಡು, ಮರಿಯಾಗದ ಪ್ರತಿ ಮೊಟ್ಟೆಯನ್ನೂ ಒಡೆದು, ಎಷ್ಟನೇ ದಿನಕ್ಕೆ ಬೆಳವಣಿಗೆ ನಿಂತಿದೆ ಎಂದು ಬರೆದಿಡಿ. ದೂರದಿಂದ ಬಂದ ಮೊಟ್ಟೆಯಲ್ಲಿ ಅರ್ಧ ಮರಿಯಾದರೂ ಅದು ಒಳ್ಳೆಯ ಫಲಿತಾಂಶವೇ. ಊರಿನ ಮೊಟ್ಟೆಯ ಲೆಕ್ಕದಲ್ಲಿ ಅಳೆಯಬೇಡಿ.

ಕೊಳ್ಳುವಾಗ ಇನ್ನೊಂದು ಮಾತು. ಗಿರಿರಾಜ, ಸ್ವರ್ಣಧಾರೆ ಮಿಶ್ರ ತಳಿಗಳು. ಯಾರದೋ ಹಿತ್ತಲಿನ ಗಿರಿರಾಜ ಕೋಳಿಯ ಮೊಟ್ಟೆ ತರಿಸಿ ಮರಿ ಮಾಡಿದರೆ ಮರಿಗಳಲ್ಲಿ ಅಪ್ಪ ಅಮ್ಮನ ತೂಕವೂ ಮೊಟ್ಟೆಯ ಸಂಖ್ಯೆಯೂ ಉಳಿಯುವುದಿಲ್ಲ. ಅದಕ್ಕಾಗಿ ಪಾರ್ಸೆಲ್ ಖರ್ಚು ದಂಡ.

ಬಂದ ದಿನ ಏನು ನೋಡಬೇಕು

ಪಾರ್ಸೆಲ್ ಬಿಚ್ಚಿದ ಕೂಡಲೇ ಮೊಟ್ಟೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ಕೆಟ್ಟ ಲಕ್ಷಣ. ಸುಮಾರು 21 ಡಿಗ್ರಿ ಸೆಲ್ಸಿಯಸ್ ದಾಟಿದರೆ ಭ್ರೂಣ ನಿಧಾನಕ್ಕೆ ಬೆಳೆಯಲು ಶುರುಮಾಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿ, ಅದರಲ್ಲೂ ಹಿಂದೆ ಎಂಜಿನ್ ಇರುವ ಬಸ್ಸಿನ ಡಿಕ್ಕಿ, 40 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಅಲ್ಲಿ ಅರೆಬರೆ ಬೆಳೆದು, ರಾತ್ರಿ ತಣ್ಣಗಾಗಿ, ಬೆಳಿಗ್ಗೆ ಮತ್ತೆ ಕಾದ ಭ್ರೂಣ ಇನ್‌ಕ್ಯುಬೇಟರ್‌ಗೆ ಬರುವ ಮುಂಚೆಯೇ ಸತ್ತಿರುತ್ತದೆ. ಮಾರ್ಚ್‌ನಿಂದ ಮೇ ತನಕ ದೂರದ ಮೊಟ್ಟೆ ತರಿಸದಿರುವುದೇ ಲೇಸು. ತರಿಸಲೇಬೇಕಾದರೆ ರಾತ್ರಿ ಬಸ್ಸು, ಮೂರು ನಾಲ್ಕು ದಿನಕ್ಕಿಂತ ಹಳೆಯದಲ್ಲದ ಮೊಟ್ಟೆ, ಚೂಪು ತುದಿ ಕೆಳಗೆ ಮಾಡಿದ ಪ್ಯಾಕಿಂಗ್ ಎಂದು ಮೊದಲೇ ಹೇಳಿ. ಏಳು ದಿನ ದಾಟಿದ ಮೊಟ್ಟೆಯಲ್ಲಿ ದಿನ ಕಳೆದಂತೆ ಮರಿಯಾಗುವ ಶಕ್ತಿ ಕುಗ್ಗುತ್ತದೆ. ಬದುಕುಳಿದದ್ದೂ ತಡವಾಗಿ ಮರಿಯಾಗುತ್ತದೆ, ಹೆಚ್ಚುವರಿ ಪ್ರತಿ ದಿನಕ್ಕೆ ಸುಮಾರು ಒಂದು ಗಂಟೆಯಂತೆ.

ಮೊಟ್ಟೆ ತೊಳೆಯಬೇಡಿ, ಫ್ರಿಜ್‌ಗೆ ಇಡಬೇಡಿ. ತಣ್ಣಗಿದ್ದ ಮೊಟ್ಟೆಯನ್ನು ಸೆಖೆಯ ಕೋಣೆಗೆ ತಂದರೆ ಚಿಪ್ಪಿನ ಮೇಲೆ ನೀರು ಬೆವರುತ್ತದೆ. ಆ ನೀರು ಚಿಪ್ಪಿನ ರಂಧ್ರದ ಮೂಲಕ ಕೊಳಕನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹತ್ತನೇ ದಿನ ವಾಸನೆ ಬರುವ, ಕೆಲವೊಮ್ಮೆ ಪಟ್ಟನೆ ಒಡೆದು ಟ್ರೇಯೆಲ್ಲ ಹಾಳು ಮಾಡುವ ಮೊಟ್ಟೆ ಹುಟ್ಟುವುದು ಹೀಗೆ.

ಈಗ ಕತ್ತಲೆಯಲ್ಲಿ ಅಗಲ ತುದಿಗೆ ಟಾರ್ಚ್ ಹಿಡಿದು ಗಾಳಿಕೋಶ, ಅಂದರೆ ಆ ತುದಿಯಲ್ಲಿರುವ ಗಾಳಿಯ ಗುಳ್ಳೆ, ನೋಡಿ. ಮೊಟ್ಟೆಯನ್ನು ಮೆಲ್ಲಗೆ ಓರೆ ಮಾಡಿ. ಗಾಳಿಕೋಶದ ಅಂಚು ಕದಲದಿದ್ದರೆ ಮೊಟ್ಟೆ ಗಟ್ಟಿ. ಅಂಚು ತುಸು ತುಳುಕಿದರೆ, ಅಥವಾ ಒಂದು ಕಡೆ ಕೆಳಗಿಳಿದು ಕುದುರೆ ಜೀನಿನಂತೆ ಬಾಗಿದ್ದರೆ ಒಳಪೊರೆ ಸ್ವಲ್ಪ ಬಿಟ್ಟುಕೊಂಡಿದೆ. ಗುಳ್ಳೆ ಇಡೀ ಮೊಟ್ಟೆಯೊಳಗೆ ಮಟ್ಟಗೋಲಿನ ಗುಳ್ಳೆ ಹರಿದಾಡುವ ಹಾಗೆ ಓಡಿದರೆ ಪೊರೆ ಪೂರ್ತಿ ಕಳಚಿದೆ. ಸಣ್ಣ ಸಣ್ಣ ನೊರೆಗುಳ್ಳೆ ಕಂಡರೆ ಒಳಪೊರೆಯೇ ಹರಿದಿದೆ. ಅದರ ಮೇಲೆ ಆಸೆ ಬೇಡ. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್‌ನಲ್ಲಿ ಗಟ್ಟಿ, ತುಳುಕು, ಓಟ ಎಂದು ಗುರುತು ಹಾಕಿ. ಸ್ಕೆಚ್ ಪೆನ್ ಬೇಡ, ಶಾಯಿ ಒಳಗಿಳಿಯುತ್ತದೆ. ಈ ಗುರುತಿಲ್ಲದಿದ್ದರೆ 21ನೇ ದಿನ ದಾರಿಯ ತಪ್ಪನ್ನು ಪತ್ತೆ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಆಮೇಲೆ ಚೂಪು ತುದಿ ಕೆಳಗೆ ಮಾಡಿ, ತಂಪಾದ ಕೋಣೆಯಲ್ಲಿ 12ರಿಂದ 24 ಗಂಟೆ ಅಲುಗಾಡಿಸದೆ ಬಿಡಿ. ಬೇಸಿಗೆಯಲ್ಲಿ ತಂಪು ಕೋಣೆ ಸಿಗದಿದ್ದರೆ ಮಣ್ಣಿನ ಮಡಕೆಯ ಸುತ್ತ ಒದ್ದೆ ಗೋಣಿ ಸುತ್ತಿ ಅದರೊಳಗೆ ಟ್ರೇ ಇಟ್ಟರೆ ಸಾಕು. ಗಟ್ಟಿ ಮೊಟ್ಟೆಗಳನ್ನು ಮಾಮೂಲಿನಂತೆ ಮೊದಲ ದಿನದಿಂದಲೇ ತಿರುಗಿಸಬಹುದು. ತುಳುಕು ಮತ್ತು ಓಟದ ಮೊಟ್ಟೆಗಳನ್ನು ರಟ್ಟಿನ ಮೊಟ್ಟೆ ಟ್ರೇಯಲ್ಲಿ ನೆಟ್ಟಗೆ ನಿಲ್ಲಿಸಿ ಇನ್‌ಕ್ಯುಬೇಟರ್‌ಗೆ ಇಡಿ. ಗುಂಡಿಗಳ ತಳ ಕತ್ತರಿಸಿ ಗಾಳಿಗೆ ದಾರಿ ಮಾಡಿ. ಮೊದಲ ಎರಡು ಮೂರು ದಿನ ತಿರುಗಿಸಬೇಡಿ. ಆಮೇಲೆ ಮಗುಚುವ ಬದಲು ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು ಸುಮಾರು 45 ಡಿಗ್ರಿ ಓರೆ ಮಾಡಿ, ದಿನಕ್ಕೆ ಮೂರರಿಂದ ಐದು ಸಲ ಬದಿ ಬದಲಿಸಿ. ಇಂಥ ಮೊಟ್ಟೆಯನ್ನು ಅಡ್ಡ ಮಲಗಿಸಿ ಉರುಳಿಸುವ ಆಟೊಮ್ಯಾಟಿಕ್ ರೋಲರ್‌ಗೆ ಹಾಕಿದರೆ ಉಳಿದಿದ್ದ ಪೊರೆಯೂ ಕಳಚುತ್ತದೆ.

ಪೆಟ್ಟಿಗೆಯ ಪರೀಕ್ಷೆ

ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, 12 ವೋಲ್ಟಿನ ಫ್ಯಾನು, ಬಿಸಿ ನೋಡಿ ಬಲ್ಬು ಹೊತ್ತಿಸಿ ಆರಿಸುವ ಡಬ್ಲ್ಯೂ 1209 ಥರ್ಮೋಸ್ಟಾಟ್ ಬೋರ್ಡು ಸೇರಿಸಿ ಮನೆಯಲ್ಲೇ ಮಾಡಿಕೊಂಡ ಇನ್‌ಕ್ಯುಬೇಟರ್‌ಗಳಲ್ಲಿ ಹೆಚ್ಚಾಗಿ ಕಾಣುವ ಮೊದಲ ದೋಷ ಬೋರ್ಡಿನ ಪಿ1 ಸೆಟ್ಟಿಂಗ್. ಅದು ಬರುವಾಗಲೇ 2 ಡಿಗ್ರಿಗೆ ಇರುತ್ತದೆ. ಅಂದರೆ 37.5ಕ್ಕೆ ಬಲ್ಬು ಆರಿದರೆ ಮತ್ತೆ ಹೊತ್ತುವುದು 35.5ಕ್ಕೆ. ಇಡೀ ದಿನ ಹೀಗೆ ಏರಿಳಿದರೆ ಮರಿ ತಡವಾಗುತ್ತದೆ, ಬಲವೂ ಇರುವುದಿಲ್ಲ. ಪಿ1 ಅನ್ನು 0.2 ಅಥವಾ 0.3ಕ್ಕೆ ಇಳಿಸಿ.

ಎರಡನೆಯದು ಸೆನ್ಸರಿನ ಸುಳ್ಳು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ 35ರಿಂದ 42 ಡಿಗ್ರಿಯೊಳಗೆ ಬಹಳ ನಿಖರ. ಒಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಸೆನ್ಸರ್, ಜ್ವರದ ಥರ್ಮಾಮೀಟರ್ ಎರಡರ ತುದಿಯನ್ನೂ ಒಟ್ಟಿಗೆ ಹಿಡಿದು ಕಲಕುತ್ತಾ ಓದಿ. ಬೋರ್ಡು 0.8 ಕಡಿಮೆ ತೋರಿಸಿದರೆ ಓದಿನ ತಪ್ಪು ತಿದ್ದುವ ಪಿ4 ಸೆಟ್ಟಿಂಗ್‌ನಲ್ಲಿ 0.8 ಕೂಡಿಸಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು 38.5ರ ಆಸುಪಾಸು ಇರಲಿ, ಯಾಕೆಂದರೆ ಅಲ್ಲಿ ಬಿಸಿ ಮೇಲೆ ನಿಂತು ಕೆಳಗೆ ತಣ್ಣಗಿರುತ್ತದೆ. ಕರೆಂಟ್ ಹೋದಾಗ ಭಯಪಟ್ಟು ಮುಚ್ಚಳ ತೆರೆಯುವವರೇ ಹೆಚ್ಚು; ಮುಚ್ಚಿಯೇ ಇಟ್ಟು ಮೇಲೆ ಕಂಬಳಿ ಹೊದಿಸಿದರೆ ಮೂರು ನಾಲ್ಕು ಗಂಟೆ ತಣ್ಣಗಾಗುವುದನ್ನು ಭ್ರೂಣ ತಡೆದುಕೊಳ್ಳುತ್ತದೆ. ಗಾಳಿ ರಂಧ್ರಗಳ ಮೇಲೆ ಮಾತ್ರ ಕಂಬಳಿ ಬೀಳದಿರಲಿ. ಹೆಚ್ಚು ಬಿಸಿಯನ್ನು ತಡೆಯುವ ಶಕ್ತಿ ಭ್ರೂಣಕ್ಕಿಲ್ಲ. 40 ದಾಟಿದರೆ ಕೆಲವೇ ಗಂಟೆ ಸಾಕು.

ತೇವಾಂಶದ ಮೀಟರ್ ಪರೀಕ್ಷೆಗೆ ಉಪ್ಪು ಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಸೇರಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಹತ್ತು ಗಂಟೆ ಇಡಿ. ಶೇ 75 ತೋರಿಸಬೇಕು. ಎಷ್ಟು ವ್ಯತ್ಯಾಸವೋ ಅಷ್ಟನ್ನು ಮುಂದೆ ಕೂಡಿ ಕಳೆದುಕೊಳ್ಳಿ.

ಇನ್ನು ನೀರು. ಮೊದಲ 18 ದಿನ ಶೇ 45ರಿಂದ 55, ಕೊನೆಯ ಮೂರು ದಿನ 65ರಿಂದ 75 ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಊರು ಬದಲಾದರೆ ಅದನ್ನು ಮುಟ್ಟುವ ದಾರಿಯೂ ಬದಲಾಗುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳ 26 ಡಿಗ್ರಿಯ, ಶೇ 90 ತೇವದ ಗಾಳಿಯನ್ನು 37.5ಕ್ಕೆ ಕಾಯಿಸಿದರೆ ಒಂದು ಹನಿ ನೀರಿಡದೆಯೂ ಒಳಗೆ ಸುಮಾರು ಶೇ 47 ಇರುತ್ತದೆ. ಅಲ್ಲಿ ತಟ್ಟೆ ತುಂಬ ನೀರಿಟ್ಟರೆ ಮರಿ ನೀರಲ್ಲಿ ಮುಳುಗಿದಂತೆ ಊದಿ ಸಾಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ 38 ಡಿಗ್ರಿ, ಶೇ 20 ಇದ್ದರೆ ಒಳಗೂ ಅಷ್ಟೇ 20. ಅಲ್ಲಿ ಎರಡು ತಟ್ಟೆಯೂ ಸಾಲದೆ ಸ್ಪಂಜ್ ಇಡಬೇಕಾದೀತು. ತೇವ ಹೆಚ್ಚಿಸುವುದು ನೀರಿನ ಆಳ ಅಲ್ಲ, ಅದರ ಮೇಲ್ಮೈ ಅಗಲ.

ಮೀಟರಿಗಿಂತ ನಂಬಿಕಸ್ಥ ಸಾಕ್ಷಿ ತಕ್ಕಡಿ. ಚಿನ್ನ ತೂಗುವ 0.1 ಗ್ರಾಂ ಡಿಜಿಟಲ್ ತಕ್ಕಡಿ ಸಾಕು. 18ನೇ ದಿನಕ್ಕೆ ಮೊಟ್ಟೆ ತನ್ನ ತೂಕದ ಶೇ 11ರಿಂದ 13 ಕಳೆದುಕೊಂಡಿರಬೇಕು. 45 ಗ್ರಾಂ ಮೊಟ್ಟೆ 7ನೇ ದಿನ 42.9, 14ನೇ ದಿನ 40.8, 18ನೇ ದಿನ 39.6 ಗ್ರಾಂ ಆಗಿದ್ದರೆ ದಾರಿ ಸರಿಯಿದೆ. 7ನೇ ದಿನ 43.8 ಇದ್ದರೆ ನೀರು ತೆಗೆಯಿರಿ; 41.9 ಇದ್ದರೆ ಕೂಡಿಸಿ. ದಾರಿಯಲ್ಲಿ ಎರಡು ದಿನ ಒಣಗಿ ಬಂದ ಮೊಟ್ಟೆ ಕೆಲವೊಮ್ಮೆ ಇಡುವ ಮುಂಚೆಯೇ ಹಗುರವಾಗಿರುತ್ತದೆ. ಕೋಳಿ ಮೊಟ್ಟೆ ಹಾಕಿದ ದಿನದ ತೂಕವನ್ನು ಮಾರಿದವರು ಬರೆದು ಕಳಿಸಿದರೆ ಅದರಿಂದಲೇ ಲೆಕ್ಕ ಶುರುಮಾಡಿ.

ಒಡೆದು ನೋಡಿದಾಗ

ಟಾರ್ಚ್ ಪರೀಕ್ಷೆ 7, 14, 18ನೇ ದಿನ. 7ರಂದು ಜೇಡರ ಬಲೆಯಂಥ ನರಗಳೂ ಅಲ್ಲಾಡುವ ಕಪ್ಪು ಕಣ್ಣೂ ಕಂಡರೆ ಜೀವವಿದೆ. ಏನೂ ಕಾಣದ್ದನ್ನು, ಕೆಂಪು ಉಂಗುರ ಕಟ್ಟಿದ್ದನ್ನು ಹೊರತೆಗೆದು ತಟ್ಟೆಯಲ್ಲಿ ಒಡೆಯಿರಿ. ವಾಸನೆ ಬರುವುದನ್ನು ಮಾತ್ರ ಹಿತ್ತಲಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಒಡೆಯಿರಿ.

ಪೂರ್ತಿ ಬರಿದಾದ ಮೊಟ್ಟೆಯಲ್ಲಿ ಹಳದಿಯ ಮೇಲಿನ ಚುಕ್ಕೆ ನೋಡಿ. ಎರಡು ಮೂರು ಮಿಲಿಮೀಟರಿನ, ಅಂಚು ಹರಕುಮುರುಕಾದ ಗಟ್ಟಿ ಬಿಳಿ ಚುಕ್ಕೆ ಇದ್ದರೆ ಹುಂಜ ಕೂಡಿಲ್ಲ, ದೋಷ ತಳಿ ಸಾಕಿದವರದು. ದುಂಡಗಿನ ಉಂಗುರ ಇದ್ದರೆ, ಅಥವಾ ಬೆರಳುಗುರಿನಷ್ಟಗಲ ಕೆನೆಬಣ್ಣದ ಪೊರೆ ಹರಡಿದ್ದರೆ ಅದು ಕೂಡಿದ ಮೊಟ್ಟೆ, ಮೊದಲ ಒಂದೆರಡು ದಿನದಲ್ಲಿ ಸತ್ತಿದೆ. ಮಾರಿದವರ ಮೇಲೆ ಜಗಳ ತೆಗೆಯುವ ಮುಂಚೆ ಈ ವ್ಯತ್ಯಾಸ ಫೋಟೊ ತೆಗೆದಿಟ್ಟುಕೊಳ್ಳಿ. ಹಳದಿ ಒಡೆದು ಬಿಳಿಯ ಜೊತೆ ಕಲಸಿಹೋಗಿದ್ದರೆ ತೀರ್ಪು ಕೊಡಬೇಡಿ.

ಕೆಂಪು ಉಂಗುರ ಎಂದರೆ ಎರಡರಿಂದ ನಾಲ್ಕನೇ ದಿನದ ಸಾವು. ಊರಿನ ಆರು ಮೊಟ್ಟೆಯಲ್ಲಿ ಉಂಗುರ ಇಲ್ಲದೆ ಪಾರ್ಸೆಲ್ ಮೊಟ್ಟೆಯಲ್ಲಿ ಮಾತ್ರ ಕಂಡರೆ ದಾರಿಯ ಬಿಸಿ ಅಥವಾ ಹಳತನ ಕಾರಣ. ಎರಡರಲ್ಲೂ ಇದ್ದರೆ ಮೊದಲ ದಿನಗಳ ನಿಮ್ಮ ಪೆಟ್ಟಿಗೆಯ ಬಿಸಿ.

7ರಿಂದ 14ರ ನಡುವೆ ಸಾಯುವುದು ಸಾಮಾನ್ಯವಾಗಿ ಕಡಿಮೆ. ಅಲ್ಲಿ ಸಾವು ಹೆಚ್ಚಿದ್ದರೆ ತಾಯಿ ಕೋಳಿಯ ಮೇವು ಸಂಶಯಾಸ್ಪದ. ತುಪ್ಪಳ ಉದ್ದ ಬೆಳೆಯದೆ ಗಂಟು ಗಂಟಾಗಿ ಸುರುಳಿಯಾಗಿದ್ದರೆ ಅದು ಬಿ2 ಜೀವಸತ್ವದ ಕೊರತೆ. ಮರಿ ಚಿಪ್ಪಿನ ಒಂದು ಬದಿಗೆ ಅಂಟಿಕೊಂಡಿದ್ದರೆ ತಿರುಗಿಸಿದ್ದು ಸಾಲದು.

18 ದಾಟಿ ಪೂರ್ತಿ ಬೆಳೆದು ಸತ್ತ ಮರಿಯನ್ನು ನಿಧಾನಕ್ಕೆ ಬಿಡಿಸಿ, ತಲೆ ಎಲ್ಲಿದೆ ನೋಡಿ. ಸರಿಯಾದ ಮರಿಯ ತಲೆ ಅಗಲ ತುದಿಯ ಕಡೆ, ಬಲ ರೆಕ್ಕೆಯ ಕೆಳಗೆ, ಕೊಕ್ಕು ಗಾಳಿಕೋಶದ ಕಡೆ ಇರುತ್ತದೆ. ತಲೆ ಚೂಪು ತುದಿಯಲ್ಲಿದ್ದರೆ ಮೊಟ್ಟೆ ತಲೆಕೆಳಗಾಗಿ ನಿಂತಿತ್ತೇ, ಅದರ ಮೇಲೆ ಓಟದ ಗುರುತಿದೆಯೇ ನೋಡಿ. ಗಾಳಿಕೋಶ ಪಕ್ಕಕ್ಕೆ ಜಾರಿದ ಮೊಟ್ಟೆಯಲ್ಲಿ ಮರಿಗೆ ಉಸಿರಿನ ಜಾಗ ಸಿಗುವುದಿಲ್ಲ. ಮೈಯೆಲ್ಲ ಊದಿ, ಗಾಳಿಕೋಶ ಚಿಕ್ಕದಿದ್ದು, ಲೋಳೆ ಮೆತ್ತಿದ್ದರೆ ತೇವ ಅತಿಯಾಗಿದೆ. ಪೊರೆ ಕಾಗದದಂತೆ ಒಣಗಿ ಮರಿಗೆ ಬಿಗಿದಿದ್ದರೆ ತೇವ ಸಾಲಲಿಲ್ಲ, ಇಲ್ಲವೇ ಕೊನೆಯ ದಿನಗಳಲ್ಲಿ ಯಾರೋ ಪದೇ ಪದೇ ಮುಚ್ಚಳ ತೆರೆದಿದ್ದಾರೆ.

19ನೇ ದಿನವೇ ಹೊರಬಂದ, ಹೊಕ್ಕುಳಲ್ಲಿ ರಕ್ತ ಕಂಡ ಸಣ್ಣ ಮರಿಗಳು ಬಿಸಿ ಹೆಚ್ಚಾದ ಪೆಟ್ಟಿಗೆಯವು. 22, 23ಕ್ಕೆ ಬಂದು ಹೊಟ್ಟೆ ದೊಡ್ಡದಾಗಿ ನಿಲ್ಲಲಾರದವು ಬಿಸಿ ಕಡಿಮೆಯಾದವು.

ಕುಟ್ಟಿ ನಿಂತ ಮರಿ

18ನೇ ದಿನ ತಿರುಗಿಸುವುದು ನಿಲ್ಲಿಸಿ, ಗಾಳಿಕೋಶದ ಅಂಚನ್ನು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನೀರು ತುಂಬಿ, ಗಾಳಿ ರಂಧ್ರಗಳನ್ನು ಪೂರ್ತಿ ತೆರೆದು ಮುಚ್ಚಳ ಹಾಕಿ. ಓಟದ ಮೊಟ್ಟೆಗಳು ಕೊನೆಯವರೆಗೂ ನೆಟ್ಟಗೆ ನಿಂತೇ ಇರಲಿ.

ಹೊರ ಚಿಪ್ಪು ಕುಟ್ಟಿದ ಮೇಲೆ ಮರಿ 12ರಿಂದ 24 ಗಂಟೆ ಸುಮ್ಮನಿರುವುದು ಸಹಜ. ಆಗ ಅದು ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಖಾಲಿಯಾಗುತ್ತಿರುತ್ತವೆ. ಈ ಹೊತ್ತಿನಲ್ಲಿ ಕೈಹಾಕಿದವರೇ ಹೆಚ್ಚು ಮರಿ ಕೊಲ್ಲುವುದು. 24 ಗಂಟೆ ದಾಟಿಯೂ ತೂತು ದೊಡ್ಡದಾಗದಿದ್ದರೆ, ಅಥವಾ ಪೊರೆ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಮಾತ್ರ ನೆರವು. ಕೈ ತೊಳೆದು, ಬೆಚ್ಚಗಿನ ನೀರಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಪೊರೆ ಒದ್ದೆ ಮಾಡಿ. ಒದ್ದೆಯಾದಾಗ ಕೆಂಪು ನಾಳ ಕಂಡರೆ ಅಲ್ಲೇ ನಿಲ್ಲಿಸಿ, ಮತ್ತೆ ಐದಾರು ಗಂಟೆ ಬಿಡಿ. ನಾಳ ಇಲ್ಲದಿದ್ದರೆ ಪೆನ್ಸಿಲ್ ಗೆರೆಯ ಮೇಲಿನ ಭಾಗದ ಚಿಪ್ಪನ್ನು ಮಾತ್ರ ಚಿಮುಟದಿಂದ ಚೂರು ಚೂರಾಗಿ ತೆಗೆಯಿರಿ. ಕೊಕ್ಕಿನ ಹೊಳ್ಳೆಗೆ ನೀರು ಹೋಗದಂತೆ ಎಚ್ಚರ. ಪೊರೆ ಮತ್ತೆ ಒಣಗದಿರಲು ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು, ಮೂಗಿನ ಹತ್ತಿರ ಬೇಡ. ಕೆಳಗಿನ ಅರ್ಧದಿಂದ ಮರಿ ತಾನೇ ಒದ್ದುಕೊಂಡು ಬರಬೇಕು.

ಒಳಗೆ ಪಿಯ್ ಪಿಯ್ ಕೇಳಿಸುತ್ತಿದೆ, 24 ಗಂಟೆಯಾದರೂ ಹೊರಗೆ ಬಿರುಕಿಲ್ಲ ಎಂದಾದರೆ ಗಾಳಿಕೋಶದ ನೆತ್ತಿಯಲ್ಲಿ ಕಾಯಿಸಿ ಆರಿಸಿದ ದಪ್ಪ ಸೂಜಿಯಿಂದ ತಿರುಗಿಸುತ್ತಾ ಒಂದೆರಡು ಮಿಲಿಮೀಟರಿನ ತೂತು ಮಾಡಿ. ಅದು ಉಸಿರಿಗೆ ಮಾತ್ರ, ದೊಡ್ಡದು ಮಾಡಬೇಡಿ.

ಬಲವಿಲ್ಲದ ಮರಿ

ಒದ್ದೆ ಮರಿಯನ್ನು ಹೊರತೆಗೆಯಬೇಡಿ. ಉಬ್ಬಿ ಒಣಗುವವರೆಗೆ, ಬೇಕಾದರೆ 24 ಗಂಟೆಯವರೆಗೂ ಇನ್‌ಕ್ಯುಬೇಟರ್‌ನಲ್ಲೇ ಇರಲಿ. ಹೊಟ್ಟೆಯಲ್ಲಿನ ಹಳದಿ ಎರಡು ದಿನಕ್ಕಾಗುತ್ತದೆ. ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಗೂಡಿನಲ್ಲಿ ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ, ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಎಲ್‌ಇಡಿ ಬಲ್ಬಿನಿಂದ ಈ ಬಿಸಿ ಬರುವುದಿಲ್ಲ. 60 ವ್ಯಾಟಿನ ಹಳೆಯ ತಂತಿ ಬಲ್ಬು ಸಿಗದಿದ್ದರೆ ಸೆರಾಮಿಕ್ ಹೀಟರ್ ಕೊಳ್ಳಿ. ನೆಲಕ್ಕೆ ಪೇಪರ್ ಹಾಸಬೇಡಿ, ಗೋಣಿಯೋ ಉಬ್ಬುಗೆರೆಯ ರಬ್ಬರ್ ಚಾಪೆಯೋ ಇರಲಿ. ಮರಿಯ ಕಾಲು ಜಾರಿ ಅಗಲವಾಗುವುದಕ್ಕೆ ನುಣುಪು ಪೇಪರ್ ಒಂದು ಮುಖ್ಯ ಕಾರಣ.

ಕಾಲು ಎರಡೂ ಕಡೆ ಚಾಚಿ ಬಿದ್ದಿದ್ದರೆ ಮೊದಲ ದಿನವೇ ಕಟ್ಟಬೇಕು. ಅಂಟುಪಟ್ಟಿಯನ್ನು ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಒಂದು ಕಾಲಿಗೆ ಸುತ್ತಿ, ಎರಡು ಎರಡೂವರೆ ಸೆಂಟಿಮೀಟರ್ ಅಂತರ ಬಿಟ್ಟು ಇನ್ನೊಂದಕ್ಕೆ ಸುತ್ತಿ. ನಡುವಿನ ಪಟ್ಟಿಯ ಅಂಟು ಮುಖಗಳು ಒಂದಕ್ಕೊಂದು ಕೂಡಿರಲಿ. ಎರಡು ಮೂರು ದಿನದಲ್ಲಿ ಬಿಚ್ಚಿ. ವಾರ ಬಿಟ್ಟು ಕಟ್ಟಿದರೆ ಪ್ರಯೋಜನ ತೀರಾ ಕಡಿಮೆ. ಬೆರಳು ಒಳಮುಖವಾಗಿ ಮಡಚಿದ್ದರೆ ರಟ್ಟಿನ ತುಂಡಿನ ಮೇಲೆ ಬೆರಳು ಬಿಡಿಸಿ ಅಂಟಿಸಿ, ಜೊತೆಗೆ ಬಿ-ಕಾಂಪ್ಲೆಕ್ಸ್ ಕೊಡಿ. ಇಲ್ಲಿ ಲೇಬಲ್ ಓದುವುದು ಮುಖ್ಯ: ಕೋಳಿಗೆಂದು ಮಾರುವ ಕೆಲವು ವಿಟಮಿನ್ ದ್ರವದಲ್ಲಿ ಎ, ಡಿ3, ಇ, ಬಿ12 ಮಾತ್ರ ಇರುತ್ತವೆ, ಬೇಕಾದ ಬಿ2 ಇರುವುದಿಲ್ಲ. ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡುವ ಮರಿಗೆ ಬಿ1 ಮತ್ತು ಇ ಬೇಕು. ಅದಕ್ಕೆ ತಾನೇ ನೀರು ಕುಡಿಯಲು ಆಗದ ಕಾರಣ ಬೇರೆ ಇಟ್ಟು ಗಂಟೆಗೊಮ್ಮೆ ಕುಡಿಸಬೇಕಾಗುತ್ತದೆ.

ಮೊದಲ ನೀರಿಗೆ ಲೀಟರಿಗೆ 50 ಗ್ರಾಂ ಬೆಲ್ಲ ಕರಗಿಸಿ ಸೋಸಿ. ಹನ್ನೆರಡು ಗಂಟೆಯ ಮೇಲೆ ಬರೀ ನೀರು ಕೊಡಿ. ಬೆಲ್ಲದ ನೀರು ಹುಳಿತರೆ ಭೇದಿ. ಸಿರಿಂಜಿನಿಂದ ಬಾಯೊಳಕ್ಕೆ ಚಿಮ್ಮಿಸಿದರೆ ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಗಿಸಿ, ಅದು ತಾನೇ ಎಳೆದುಕೊಳ್ಳಲಿ. ನೀರಿನ ಬಟ್ಟಲಿಗೆ ಸಣ್ಣ ಬೆಣಚುಕಲ್ಲು ತುಂಬಿ, ಇಲ್ಲದಿದ್ದರೆ ನಿಲ್ಲಲಾರದ ಮರಿ ಅದರಲ್ಲೇ ಮುಖ ಹಾಕಿ ಮುಳುಗುತ್ತದೆ. ನುಚ್ಚು ಮೊದಲ ದಿನಕ್ಕೆ ಸಾಕು. ಎರಡನೇ ದಿನದಿಂದ ಎಳೆ ಮರಿಗಳಿಗೆಂದೇ ಮಾಡಿದ ಸ್ಟಾರ್ಟರ್ ಮೇವು.

ಹಿಂಭಾಗದಲ್ಲಿ ಹಿಕ್ಕೆ ಅಂಟಿ ದ್ವಾರ ಮುಚ್ಚಿದ್ದರೆ ಬೆಚ್ಚಗಿನ ಒದ್ದೆ ಹತ್ತಿಯಿಂದ ನೆನೆಸಿ ಬಿಡಿಸಿ, ಒರೆಸಿ ಒಣಗಿಸಿ. ಅದರ ಕೆಳಗೆ ಹೊಟ್ಟೆಯ ಮೇಲಿರುವ ಕಪ್ಪು ಚುಕ್ಕೆ ಹೊಕ್ಕುಳಿನ ಹೊಪ್ಪಳೆ. ಅದನ್ನೂ ಕೊಳೆಯೆಂದು ಕಿತ್ತರೆ ಕರುಳು ಹೊರಬರುತ್ತದೆ. ಹೊಕ್ಕುಳು ಮುಚ್ಚದೆ ಬಂದ ಮರಿಗೆ ಪೊವಿಡೋನ್ ಅಯೋಡಿನ್ ಹಚ್ಚಿ, ಬೇರೆ ಪೆಟ್ಟಿಗೆಯಲ್ಲಿ ಸ್ವಚ್ಛ ಬಟ್ಟೆಯ ಮೇಲೆ ಬಿಡಿ. ಹೊಟ್ಟೆ ಊದಿ, ಒದ್ದೆಯಾಗಿ, ಕೊಳೆತ ವಾಸನೆ ಬಂದರೆ ಒಳಗೆ ಹಳದಿ ಕೆಟ್ಟಿದೆ. ಅದು ಬದುಕುವುದು ಅಪರೂಪ, ಉಳಿದವಕ್ಕೂ ಅಂಟಿಸುತ್ತದೆ. ಇಂಥವು ಎರಡಕ್ಕಿಂತ ಹೆಚ್ಚು ಕಂಡರೆ ಮರಿಗಳನ್ನು ಪಶುವೈದ್ಯರಿಗೆ ತೋರಿಸಿ, ಇನ್‌ಕ್ಯುಬೇಟರನ್ನು ಪೂರ್ತಿ ಬಿಚ್ಚಿ ತೊಳೆದು ಬಿಸಿಲಲ್ಲಿ ಒಣಗಿಸದೆ ಮುಂದಿನ ಮೊಟ್ಟೆ ಇಡಬೇಡಿ. 5ರಿಂದ 7ನೇ ದಿನಕ್ಕೆ ಹಾಕುವ ರಾಣಿಖೇತ್ ರೋಗದ ಲಸಿಕೆಯನ್ನು ಚುರುಕಾಗಿರುವ ಮರಿಗಳಿಗೆ ಹಾಕಿಸಿ. ಕುಂಟುವ, ತೂಕಡಿಸುವ ಮರಿಗಳು ಚೇತರಿಸಿಕೊಂಡ ಮೇಲೆ ಹಾಕಿಸಬಹುದು.